ಎರಡು ಮನೆಮಾತಿನ ಮರುಮದುವೆಯ ಸಂಸಾರ: ಇಬ್ಬಿಬ್ಬರಾಗಿ ನಂಟು ಬೆಳೆಸುವ ಬಗೆ

ಮರುಮದುವೆಯಾಗಿ ಎರಡು ಕಡೆಯ ಮಕ್ಕಳು ಒಂದೇ ಸೂರಿನಡಿ ಬಂದಾಗ, ಎಲ್ಲರೂ ಆದಷ್ಟು ಬೇಗ ಒಂದಾಗಿಬಿಡಬೇಕು ಅನ್ನುವುದು ದೊಡ್ಡವರ ಮೊದಲ ಆಸೆ. ಎರಡೂ ಕಡೆಯ ಮನೆಮಾತು ಬೇರೆ, ಆಚಾರ ಬೇರೆ ಅಂದರೆ ಈ ಆತುರ ಇನ್ನೂ ಜಾಸ್ತಿ. ಒಟ್ಟಿಗೆ ಊಟ, ಒಟ್ಟಿಗೆ ಪ್ರವಾಸ, ಒಟ್ಟಿಗೆ ಸಿನಿಮಾ ಅಂತ ಶುರುವಾಗುತ್ತದೆ. ಆದರೆ ಇಂಥ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇರುವ ಹೊತ್ತೇ ಎಲ್ಲಕ್ಕಿಂತ ಕಷ್ಟದ ಹೊತ್ತು. ಯಾರು ಒಳಗಿನವರು, ಯಾರು ಹೊರಗಿನವರು ಅನ್ನುವುದು ಎದ್ದು ಕಾಣುವುದು ಆಗಲೇ. ಭಾಷೆ ಬೇರೆಯಾದರೆ ಆ ಗೆರೆ ಇನ್ನಷ್ಟು ದಪ್ಪವಾಗುತ್ತದೆ. ನಂಟು ಬೆಳೆಯುವುದು ಇಬ್ಬಿಬ್ಬರ ನಡುವೆ, ಹಾಗಾಗಿ ಕೆಲಸವನ್ನೂ ಇಬ್ಬಿಬ್ಬರಾಗಿಯೇ ಶುರುಮಾಡಬೇಕು.

ಕಾಲದ ಲೆಕ್ಕವನ್ನು ಮೊದಲೇ ಸರಿಮಾಡಿಕೊಳ್ಳಿ. ಮರುಮದುವೆಯ ಕುಟುಂಬಗಳೊಂದಿಗೆ ದಶಕಗಳ ಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್‌ನೌ ಅವರ ಪ್ರಕಾರ, ಬೇಗ ಹೊಂದಿಕೊಳ್ಳುವ ಕುಟುಂಬಗಳಿಗೂ ಸುಮಾರು 4 ವರ್ಷ ಬೇಕು, ಸಾಮಾನ್ಯವಾಗಿ 7 ವರ್ಷದವರೆಗೂ ಹಿಡಿಯುತ್ತದೆ. ಆಗಲೇ ಆರು ತಿಂಗಳಾಯಿತು, ಹುಡುಗಿ ಮಾತೇ ಆಡುತ್ತಿಲ್ಲ ಅಂತ ಕೊರಗುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಲಿ. ಆರು ತಿಂಗಳಲ್ಲಿ ಆಗಲಿಲ್ಲ ಅಂದರೆ ಏನೋ ಕೆಟ್ಟಿದೆ ಅಂತ ಅರ್ಥವಲ್ಲ.

ಒಂದು ಹಾಳೆ, ಕೆಲವು ಗೆರೆಗಳು

ಮನೆಯಲ್ಲಿರುವ ಎಲ್ಲರ ಹೆಸರನ್ನೂ ಒಂದು ಹಾಳೆಯ ಮೇಲೆ ಸುತ್ತಲೂ ಬರೆಯಿರಿ. ಪ್ರತಿಯೊಬ್ಬರಿಂದ ಉಳಿದ ಎಲ್ಲರಿಗೂ ಗೆರೆ ಎಳೆಯಿರಿ. ನಾಲ್ಕು ಜನ ಇದ್ದರೆ 6 ಗೆರೆ, ಐದು ಜನಕ್ಕೆ 10, ಆರು ಜನಕ್ಕೆ 15. ಬೇರೆ ಯಾರೂ ಇಲ್ಲದಾಗ ಆ ಇಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅನ್ನುವುದನ್ನು ಪ್ರತಿ ಗೆರೆಯ ಮೇಲೂ ಬರೆಯಿರಿ. ವಾರಾಂತ್ಯಕ್ಕೆ ಮಾತ್ರ ಬರುವ ಮಕ್ಕಳನ್ನೂ ಬಿಡಬೇಡಿ.

ಉದಾಹರಣೆಗೆ ಐದು ಜನರ ಮನೆ ನೋಡೋಣ: ತಾಯಿ, ಅವಳ ಇಬ್ಬರು ಗಂಡುಮಕ್ಕಳು, ಹೊಸ ಗಂಡ, ಅವನ ಮಗಳು. ತಾಯಿ ಮತ್ತು ಹುಡುಗರದ್ದು ಒಂದು ಭಾಷೆ, ಅಲ್ಲಿಗೆ ಮೂರು ಗೆರೆ ತುಂಬಿತು. ಅಪ್ಪ-ಮಗಳದ್ದು ಇನ್ನೊಂದು ಭಾಷೆ, ಒಂದು ಗೆರೆ. ಗಂಡ-ಹೆಂಡತಿ ಸಂಪರ್ಕಕ್ಕೆಂದು ಕಲಿತ ಮೂರನೆಯ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ, ಇನ್ನೊಂದು ಗೆರೆ. ಹತ್ತರಲ್ಲಿ ಐದು ತುಂಬಿತು. ಉಳಿದ ಐದು ಗೆರೆಗಳಿಗೆ ನೆಲೆಯಾದ ಭಾಷೆಯೇ ಇಲ್ಲ, ಮತ್ತು ಆ ಐದೂ ಹೊಸ ಸಂಬಂಧಗಳೇ. ಮನೆಯಲ್ಲಿ ಏನೋ ಬಿಗುವು ಅಂತ ಅನ್ನಿಸುತ್ತಿದ್ದದ್ದು ಹಾಳೆಯ ಮೇಲೆ ಹೀಗೆ ಕಣ್ಣಿಗೆ ಬೀಳುತ್ತದೆ.

ಸಲೀಸಾಗಿ ಮಾತು ನಡೆಯುವ ಗೆರೆಗೆ ಹಸಿರು, ತಡವರಿಸುವುದಕ್ಕೆ ಹಳದಿ, ಮಾತೇ ಇಲ್ಲದ್ದಕ್ಕೆ ಕೆಂಪು ಬಣ್ಣ ಹಾಕಿ. ಇಲ್ಲಿ ಒಂದು ತಪ್ಪು ಸಾಮಾನ್ಯ. ಮಗುವಿಗೆ ಎಲ್ಲಾ ಅರ್ಥ ಆಗುತ್ತೆ ಅಂದುಕೊಂಡು ಹಸಿರು ಹಾಕಿಬಿಡುತ್ತಾರೆ. ಹೊಸ ಭಾಷೆಯ ದಿನಬಳಕೆಯ ಮಾತು ಕೈವಶವಾಗಲು ಮಕ್ಕಳಿಗೆ ಸುಮಾರು 2 ವರ್ಷ ಬೇಕು, ಪಾಠದ ಭಾಷೆಗೆ 5ರಿಂದ 7 ವರ್ಷ ಎಂದು ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟಿದ್ದಾರೆ. ನೀವು ನೋಡಬೇಕಾದದ್ದು ಇಷ್ಟೇ: 'ಹೊಟ್ಟೆ ನೋವು', 'ಭಯ ಆಗ್ತಿದೆ', 'ನಂಗಿದು ಬೇಡ' ಎಂಬ ಮೂರನ್ನು ಆ ಮಗು ಆ ವ್ಯಕ್ತಿಗೆ ಆ ಭಾಷೆಯಲ್ಲಿ ಹೇಳಬಲ್ಲುದೇ? ಇಲ್ಲ ಅಂದರೆ ಗೆರೆ ಕೆಂಪು. ಮೂರು ತಿಂಗಳಿಗೊಮ್ಮೆ ಹಾಳೆಯನ್ನು ಹೊಸದಾಗಿ ಬರೆಯಿರಿ, ಹಳೆಯದನ್ನು ಎಸೆಯಬೇಡಿ.

ಕೆಂಪು ಗೆರೆಗೆ ಮೊದಲು ಹೊತ್ತು ಕೊಡಿ

ಒಂದು ಕೆಂಪು ಗೆರೆ ಆರಿಸಿಕೊಳ್ಳಿ. ಆ ಇಬ್ಬರಿಗೇ ವಾರಕ್ಕೆ ಎರಡು ಸಲ, 20 ನಿಮಿಷ ಮೀಸಲಿಡಿ. ಮೂರನೆಯವರು, ಅದರಲ್ಲೂ ಹೆತ್ತವರು, ಹತ್ತಿರ ಇರಬಾರದು. ಹೆತ್ತ ತಾಯಿ ಪಕ್ಕದಲ್ಲಿದ್ದರೆ ಮಗು ಅವಳ ಕಡೆಗೇ ತಿರುಗಿ ಮಾತಾಡುತ್ತದೆ, ಮಲತಂದೆ ಪ್ರೇಕ್ಷಕನಾಗುತ್ತಾನೆ.

ಎದುರುಬದುರು ಕೂತು ಮಾತಾಡುವ ಕೆಲಸ ಬೇಡ. ಇಬ್ಬರ ಕಣ್ಣೂ ಒಂದೇ ವಸ್ತುವಿನ ಮೇಲಿರುವ, ಕೈಗೆ ಕೆಲಸವಿರುವ ಏನಾದರೂ ಇರಲಿ. ಸೈಕಲ್ ಚೈನಿಗೆ ಎಣ್ಣೆ ಹಾಕುವುದು, ಜಿಗ್‌ಸಾ ಜೋಡಿಸುವುದು, ಇಸ್ಪೀಟು, ತರಕಾರಿ ಹೆಚ್ಚುವುದು, ಗಿಡಕ್ಕೆ ಮಣ್ಣು ಹಾಕುವುದು. ಇಂಥ ಕೆಲಸದಲ್ಲಿ 'ಇದು ಕೊಡು', 'ಇಲ್ಲಿ ಹಿಡಿ', 'ಇನ್ನೊಂದು' ಎಂಬ ಹತ್ತಿಪ್ಪತ್ತು ಮಾತು ಮತ್ತೆ ಮತ್ತೆ ಬರುತ್ತವೆ, ಕೈಸನ್ನೆಯೇ ಅರ್ಥ ಹೇಳುತ್ತದೆ. ಸುಮ್ಮನಿದ್ದರೂ ಇರಿಸುಮುರಿಸಾಗುವುದಿಲ್ಲ. ಟಿವಿ ಇದಕ್ಕೆ ಆಗಿಬರುವುದಿಲ್ಲ, ಇಬ್ಬರೂ ಪಕ್ಕದಲ್ಲಿದ್ದರೂ ಅಲ್ಲಿ ಕೊಡುಕೊಳ್ಳುವುದು ಏನೂ ಇಲ್ಲ.

ಮಗು 20 ನಿಮಿಷದ ಮೊದಲೇ ಎದ್ದು ಹೋದರೆ ತಡೆಯಬೇಡಿ. ಮುಂದಿನ ಸಲ ಅದೇ ದಿನ, ಅದೇ ಹೊತ್ತಿಗೆ ನೀವು ಮತ್ತೆ ಅಲ್ಲಿ ಕೂತಿರುವುದು ಮುಖ್ಯ. ಅದರ ಜೊತೆಗೆ ಪ್ರತಿ ಮಗುವಿಗೂ ತನ್ನ ಹೆತ್ತ ತಾಯಿ ಅಥವಾ ತಂದೆಯೊಂದಿಗೆ, ತನ್ನ ಹಳೆಯ ಭಾಷೆಯಲ್ಲಿ, ಬೇರೆ ಯಾರೂ ಇಲ್ಲದ ಹೊತ್ತು ಪ್ರತಿದಿನ ಸಿಗಬೇಕು, ಹತ್ತು ನಿಮಿಷವಾದರೂ ಸರಿ. ಹೊಸ ಸಂಬಂಧ ಕಟ್ಟುವ ಭರದಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಮಗುವಿನ ಲೆಕ್ಕದಲ್ಲಿ ಆಗ ಹೊಸಬರು ಬಂದದ್ದರಿಂದ ಅಮ್ಮ ಕೈತಪ್ಪಿದಳು ಅಂತಾಗುತ್ತದೆ.

ಊಟದ ಹೊತ್ತಿನ ಕಟ್ಟುಪಾಡು

ಮೇಲಿನ ಮನೆಯಲ್ಲೇ ಒಂದು ರಾತ್ರಿ ಊಟ. ದೊಡ್ಡ ಹುಡುಗ ಶಾಲೆಯಲ್ಲಿ ಆದ ಏನೋ ತಮಾಷೆ ಹೇಳುತ್ತಾನೆ. ತಾಯಿ, ತಮ್ಮ ನಗುತ್ತಾರೆ. ಮಲತಂದೆ ನಗುವನ್ನು ನೋಡಿ ನಗುತ್ತಾನೆ. ಅವನ ಮಗಳು ಮಾತ್ರ ತಟ್ಟೆ ನೋಡುತ್ತಾ ಕೂರುತ್ತಾಳೆ. ತಾಯಿಗೆ ಅದು ಕಂಡು, 'ಎಲ್ಲರಿಗೂ ತಿಳಿಯೋ ಭಾಷೇಲಿ ಹೇಳೋ' ಅನ್ನುತ್ತಾಳೆ. ಹುಡುಗ ಸಂಪರ್ಕದ ಭಾಷೆಯಲ್ಲಿ ಹೇಳಲು ಹೋಗಿ ತಡವರಿಸುತ್ತಾನೆ, ತಮಾಷೆ ಸಪ್ಪೆಯಾಗುತ್ತದೆ, ಅವನೂ ಮೌನಿಯಾಗುತ್ತಾನೆ. ಒಬ್ಬಳು ಹೊರಗಿದ್ದಳು, ಈಗ ಇಬ್ಬರು ಹೊರಗೆ.

ಇದಕ್ಕೆ ಕೆಲಸ ಮಾಡುವ ಕ್ರಮ ಬೇರೆ. ಯಾರು ಯಾವ ಭಾಷೆಯಲ್ಲಾದರೂ ಮಾತಾಡಲಿ. ಎರಡೂ ಭಾಷೆ ಬಲ್ಲ ದೊಡ್ಡವರೊಬ್ಬರು ಒಂದು ನಿಮಿಷದೊಳಗೆ, ಒಂದೇ ವಾಕ್ಯದಲ್ಲಿ, ಹೊರಗುಳಿದವರಿಗೆ ವಿಷಯ ತಿಳಿಸಲಿ. 'ಇವರ ಮೇಷ್ಟ್ರು ತಪ್ಪಾಗಿ ಪಕ್ಕದ ಕ್ಲಾಸಿಗೆ ಹೋಗಿ ಅರ್ಧ ಪಾಠ ಮಾಡಿಬಿಟ್ಟರಂತೆ', ಇಷ್ಟು ಸಾಕು. ಹೇಳುವಾಗ ಹೊರಗುಳಿದವಳ ಮುಖ ನೋಡಿ ಹೇಳಿ. ಆಮೇಲೆ ಅವಳಿಗೆ ಒಂದು ಮಾತು ಸೇರಿಸಲು ಜಾಗ ಕೊಡಿ: 'ನಿಮ್ಮ ಕ್ಲಾಸಲ್ಲೂ ಹಿಂಗೆ ಆಗಿತ್ತಾ?' ಬೇಡ ಅಂದರೆ ಬಿಟ್ಟುಬಿಡಿ. ಮನೆಯ ದೊಡ್ಡವರಲ್ಲಿ ಯಾರಿಗೂ ಎರಡೂ ಭಾಷೆ ಬಾರದಿದ್ದರೆ, ಗಂಡ-ಹೆಂಡತಿ ಇಬ್ಬರೂ ಸೇರಿ ದಾಟಿಸಬೇಕು: ಹೆಂಡತಿ ಸಂಪರ್ಕದ ಭಾಷೆಯಲ್ಲಿ ಗಂಡನಿಗೆ, ಗಂಡ ತನ್ನ ಭಾಷೆಯಲ್ಲಿ ಮಗಳಿಗೆ. ನಿಧಾನವೇ, ಆದರೆ ದೊಡ್ಡವರಿಬ್ಬರೂ ಆ ಹುಡುಗಿಗಾಗಿ ಕೆಲಸ ಮಾಡುತ್ತಿರುವುದು ಅವಳಿಗೆ ಕಾಣುತ್ತದೆ.

ಈ ದುಭಾಷಿ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಎರಡೂ ಭಾಷೆ ಬೇಗ ಕಲಿತ ಮಗುವೊಂದು ಇಂಥ ಮನೆಯಲ್ಲಿ ಇದ್ದೇ ಇರುತ್ತದೆ, ಎಲ್ಲರೂ ಅದನ್ನೇ ಕೂಗುತ್ತಾರೆ. 'ಉಪ್ಪು ಬೇಕಾ ಕೇಳು' ಅನ್ನುವಲ್ಲಿಗೆ ನಿಂತರೆ ಅಡ್ಡಿಯಿಲ್ಲ. 'ಅವನು ಯಾಕೆ ಸಿಟ್ಟಾಗಿದ್ದಾನೆ ಕೇಳು', 'ಡಾಕ್ಟರು ಏನಂದರು ಹೇಳು', 'ನಿಮ್ಮಪ್ಪನಿಗೆ ಹೇಳು, ದುಡ್ಡು ಇನ್ನೂ ಬಂದಿಲ್ಲ ಅಂತ' ಎಂಬಲ್ಲಿಗೆ ಬಂದರೆ ಹತ್ತು ವರ್ಷದ ಮಗು ದೊಡ್ಡವರ ಜಗಳದ ನಡುವೆ ನಿಂತಂತೆ. ಜಗಳ, ಆರೋಗ್ಯ, ಹಣ, ಇನ್ನೊಂದು ಮನೆಯ ಸುದ್ದಿ, ಈ ನಾಲ್ಕನ್ನು ಮಗುವಿನ ಬಾಯಿಂದ ದಾಟಿಸಬಾರದು. ಫೋನಿನ ಅನುವಾದ ಆ್ಯಪ್ ತಪ್ಪು ಮಾಡಿದರೂ ಇವಕ್ಕೆ ಮಗುವಿಗಿಂತ ಅದೇ ವಾಸಿ.

ಮೊದಲು ಕಲಿಯಬೇಕಾದವರು ದೊಡ್ಡವರು

ಮಲತಂದೆ ಅಥವಾ ಮಲತಾಯಿ ಮಗುವಿನ ಭಾಷೆಯನ್ನು ಪೂರ್ತಿ ಕಲಿಯಲೇಬೇಕೆಂದಿಲ್ಲ. 50 ವಾಕ್ಯ ಕಲಿಯಲಿ, ಆದರೆ ಯಾವ 50 ಅನ್ನುವುದೇ ಮುಖ್ಯ. ಹೆಚ್ಚಿನವರು ಕಲಿಯುವ ಮೊದಲ ಮಾತುಗಳು 'ಬಾ', 'ಕೂತ್ಕೋ', 'ಬೇಗ ತಿನ್ನು', 'ಸುಮ್ನಿರು'. ಎಲ್ಲಾ ಅಪ್ಪಣೆಗಳೇ. ಮಗುವಿಗೆ ತನ್ನ ಅಮ್ಮನ ಭಾಷೆ ಈ ಹೊಸಬರ ಬಾಯಲ್ಲಿ ಕೇಳುವುದೇ ಗದರಿಕೆಯಾಗಿ.

ಮೊದಲ ಹತ್ತು ವಾಕ್ಯ ಕೇಳುವವು ಮತ್ತು ಕೊಡುವವು ಆಗಿರಲಿ: 'ನಿದ್ದೆ ಬಂತಾ?', 'ಇನ್ನೂ ಬೇಕಾ?', 'ನಾನು ಹಿಡ್ಕೊಳ್ಲಾ?', 'ನೀನು ಹೇಳು, ನಾನು ಕೇಳ್ತೀನಿ', 'ಇದಕ್ಕೆ ಏನಂತಾರೆ?' ಆಮೇಲಿನ ಹತ್ತು ನೋವಿನವು: ಎಲ್ಲಿ ನೋಯ್ತಿದೆ, ಅಮ್ಮನನ್ನ ಕರೀಲಾ, ನಾನಿಲ್ಲೇ ಇದ್ದೀನಿ. ಉಳಿದದ್ದು ಆ ಮಗುವಿನ ಆಟ, ಗೆಳೆಯರು, ಇಷ್ಟದ ವಸ್ತುಗಳ ಮಾತು. ವಾರಕ್ಕೆ ಐದೇ ವಾಕ್ಯ ತೆಗೆದುಕೊಳ್ಳಿ, ಹತ್ತು ವಾರಕ್ಕೆ ಮುಗಿಯುತ್ತದೆ. ಕಲಿಸುವವರು ಮಕ್ಕಳೇ ಆಗಲಿ. ಮಗು ಐದು ವಾಕ್ಯ ನಿಧಾನವಾಗಿ ಹೇಳಲಿ, ನೀವು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ದಾರಿಯಲ್ಲಿ ಕೇಳಿ. ಮರುದಿನ ಅದರ ಮುಂದೆ ಹೇಳಿ ತೋರಿಸಿ, ತಪ್ಪಿದರೆ ತಿದ್ದಿಸಿಕೊಳ್ಳಿ. ದೊಡ್ಡವರನ್ನು ತಿದ್ದುವ ಅಧಿಕಾರ ಆ ಮನೆಯಲ್ಲಿ ಆ ಮಗುವಿಗೆ ಸಿಗುವ ಜಾಗ ಇದೊಂದೇ ಇರಬಹುದು.

ನೀವು ಮಾತ್ರ ಮಗುವನ್ನು ಪರೀಕ್ಷೆ ಮಾಡಬೇಡಿ. 'ನನ್ನ ಭಾಷೇಲಿ ಹೇಳು ನೋಡೋಣ' ಅಂತ ನೆಂಟರ ಮುಂದೆ ನಿಲ್ಲಿಸಿದರೆ ತಿಂಗಳ ಕೆಲಸ ಹಾಳಾಗುತ್ತದೆ. ಉಚ್ಚಾರಣೆಗೆ ನಗುವುದೂ ಅಷ್ಟೇ, ಪ್ರೀತಿಯಿಂದ ನಕ್ಕರೂ.

ಹಳೆಯ ಭಾಷೆ ಕಳೆದುಹೋಗುವ ರೀತಿ

ಇಂಥ ಮನೆಗಳಲ್ಲಿ ಯಾರೂ ಬೇಕೆಂದು ಮಗುವಿನ ಭಾಷೆಯನ್ನು ಬಿಡಿಸುವುದಿಲ್ಲ. ಹೊಸ ಗಂಡನಿಗೆ ಬೇಸರವಾಗಬಾರದೆಂದು ತಾಯಿ ಅವನೆದುರು ಮಕ್ಕಳೊಂದಿಗೆ ಹೊರಗಿನ ಭಾಷೆಯಲ್ಲಿ, ಅಂದರೆ ಶಾಲೆಯ, ಬೀದಿಯ ಭಾಷೆಯಲ್ಲಿ ಮಾತಾಡಲು ಶುರುಮಾಡುತ್ತಾಳೆ. ಸಂಜೆಯೆಲ್ಲಾ ಅವನು ಮನೆಯಲ್ಲೇ ಇರುತ್ತಾನೆ. ವರ್ಷ ಕಳೆಯುವುದರೊಳಗೆ ಮಕ್ಕಳು ಅಮ್ಮ ಕೇಳಿದ್ದಕ್ಕೂ ಹೊರಗಿನ ಭಾಷೆಯಲ್ಲೇ ಉತ್ತರ ಕೊಡುತ್ತಾರೆ.

ಇದು ಎಷ್ಟು ಗಂಭೀರ ಅನ್ನುವುದಕ್ಕೆ ಲೆಕ್ಕವಿದೆ. ಭಾಷಾ ವಿಜ್ಞಾನಿ ಆನಿಕ್ ಡಿ ಹೌವರ್ ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ 1,899 ಕುಟುಂಬಗಳ ಮಾಹಿತಿಯನ್ನು 2007ರಲ್ಲಿ ಪ್ರಕಟಿಸಿದರು. ಅಲ್ಲಿ ಹೊರಗಿನ ಭಾಷೆ ಡಚ್. ಹೆತ್ತವರಲ್ಲಿ ಒಬ್ಬರಾದರೂ ಮನೆಯಲ್ಲಿ ಡಚ್ ಅಲ್ಲದ ಭಾಷೆ ಆಡುತ್ತಿದ್ದರು, ಆದರೂ ಸುಮಾರು ಕಾಲು ಭಾಗದಷ್ಟು ಕಡೆ ಮಕ್ಕಳು ಆ ಮನೆಮಾತು ಆಡುತ್ತಿರಲಿಲ್ಲ. ದೊಡ್ಡವರಿಬ್ಬರೂ ಮನೆಮಾತನ್ನೇ ಆಡುವ ಕಡೆ, ಅಥವಾ ಒಬ್ಬರು ಅದನ್ನೇ ಆಡಿ ಇನ್ನೊಬ್ಬರು ಎರಡನ್ನೂ ಆಡುವ ಕಡೆ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮನೆಗಳಲ್ಲಿ ಭಾಷೆ ಉಳಿದಿತ್ತು. ಒಬ್ಬರಿಗೊಂದು ಭಾಷೆ ಎಂಬ ಪದ್ಧತಿಯಲ್ಲಿ ಸುಮಾರು ಮುಕ್ಕಾಲು. ಒಬ್ಬರು ಹೊರಗಿನ ಭಾಷೆ ಮಾತ್ರ ಆಡಿ, ಇನ್ನೊಬ್ಬರು ಎರಡನ್ನೂ ಬೆರೆಸಿದ ಕಡೆ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಷ್ಟೇ. ಮರುಮದುವೆಯ ಮನೆ ತನಗೆ ತಾನೇ ಜಾರಿಬೀಳುವುದು ಈ ಕೊನೆಯ ಸ್ಥಿತಿಗೇ.

ತಡೆಯುವ ದಾರಿ ಇಷ್ಟು. ಹೆತ್ತ ತಾಯಿ ಹೊಸ ಗಂಡನ ಎದುರಿಗೂ ಮಕ್ಕಳೊಂದಿಗೆ ತನ್ನ ಭಾಷೆಯನ್ನೇ ಆಡಲಿ, ಆಮೇಲೆ ಒಂದು ವಾಕ್ಯದಲ್ಲಿ ಅವನಿಗೆ ತಿಳಿಸಲಿ. ಮದುವೆಗೆ ಮೊದಲೇ ಈ ಒಪ್ಪಂದ ಆಗಬೇಕು. ಇಲ್ಲದಿದ್ದರೆ 'ನನ್ನ ಬಗ್ಗೆ ಏನೋ ಹೇಳ್ತಿದ್ದಾರೆ' ಅನ್ನುವ ಅನುಮಾನ ಹುಟ್ಟುತ್ತದೆ. ಹೊಸ ಗಂಡ ಆ ಭಾಷೆಯ 50 ವಾಕ್ಯ ಕಲಿತಿದ್ದರೆ ಈ ಅನುಮಾನಕ್ಕೆ ಎಡೆ ಕಡಿಮೆ.

ಮಗು ಬೇರೆ ಭಾಷೆಯಲ್ಲಿ ಉತ್ತರಿಸಿದಾಗ ಏನು ಮಾಡಬೇಕು? ಭಾಷಾ ವಿಜ್ಞಾನಿ ಎಲಿಜಬೆತ್ ಲಾನ್ಜಾ ದೊಡ್ಡವರ ಪ್ರತಿಕ್ರಿಯೆಗಳನ್ನು ಐದು ಬಗೆ ಮಾಡಿದ್ದಾರೆ: ಅರ್ಥವಾಗಲಿಲ್ಲ ಅನ್ನುವುದು, ಮಗು ಅಂದದ್ದನ್ನು ನಮ್ಮ ಭಾಷೆಯಲ್ಲಿ ಊಹಿಸಿ ಕೇಳುವುದು, ನಮ್ಮ ಭಾಷೆಯಲ್ಲಿ ತಿರುಗಿ ಹೇಳುವುದು, ಹಾಗೇ ಮುಂದುವರಿಯುವುದು, ನಾವೂ ಆ ಭಾಷೆಗೆ ಹಾರುವುದು. ಮೊದಲನೆಯದು ಅತಿ ಬಿಗಿ, ಕೊನೆಯದರಲ್ಲಿ ಹಿಡಿತವೇ ಇಲ್ಲ. ಹೆತ್ತವರು ಎರಡನೆಯದನ್ನು ಹಿಡಿಯಲಿ, 'ಹೊರಗೆ ಆಡಕ್ಕೆ ಹೋಗ್ಬೇಕಾ?' ಅಂತ ತಮ್ಮ ಭಾಷೆಯಲ್ಲಿ ಕೇಳಲಿ. ಮಲತಂದೆ-ಮಲತಾಯಿ ಮೂರನೆಯದಕ್ಕಿಂತ ಬಿಗಿಯಾದ ಮೊದಲೆರಡಕ್ಕೆ ಹೋಗದಿರುವುದು ಒಳ್ಳೆಯದು. ನಂಟೇ ಗಟ್ಟಿಯಾಗದ ಕಡೆ 'ನಂಗರ್ಥ ಆಗ್ಲಿಲ್ಲ' ಅನ್ನುವುದು ಮಗುವಿಗೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಗಾಬರಿಯಾಗಬೇಡಿ, ಎರಡು ಭಾಷೆಯ ಮಕ್ಕಳೆಲ್ಲಾ ಅದನ್ನು ಮಾಡುತ್ತಾರೆ.

ತೀರಿಕೊಂಡ ಅಥವಾ ದೂರವಾದ ತಂದೆಯ ಭಾಷೆ ಬೇರೆಯೇ ಇದ್ದರೆ ಅದನ್ನು ಇನ್ನೂ ಜೋಪಾನ ಮಾಡಬೇಕು. ದೂರವಾದ ತಂದೆಯ ಹಾಗೆ ಎದುರಿಗಿಲ್ಲ, ಆದರೆ ಮನಸ್ಸಿನಿಂದಲೂ ಹೋಗಿಲ್ಲ ಅನ್ನುವ ನಷ್ಟಕ್ಕೆ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಿಂದ ಅಸ್ಪಷ್ಟ ನಷ್ಟ ಎಂಬ ಅರ್ಥದ ಹೆಸರು ಕೊಟ್ಟು ವಿವರಿಸಿದ್ದಾರೆ. ಮಗುವಿಗೆ ಆ ಭಾಷೆ ಆ ವ್ಯಕ್ತಿಯೇ. ಆ ಕಡೆಯ ಅಜ್ಜ-ಅಜ್ಜಿಗೆ ವಾರಕ್ಕೊಂದು ನಿಗದಿತ ವಿಡಿಯೋ ಕರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಪಕ್ಕದಲ್ಲಿ ಯಾರೂ ಕಿವಿಗೊಡದೆ ನಡೆಯಲಿ. ಏನು ಮಾತಾಡಿದಿರಿ ಅಂತ ಆಮೇಲೆ ಕೇಳಬೇಡಿ.

ಗದರುವ ಹಕ್ಕು ಯಾರದ್ದು

ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ ಇ. ಮೇವಿಸ್ ಹೆದರಿಂಗ್ಟನ್ ಕಂಡುಕೊಂಡದ್ದು, ಮಲತಂದೆ ಮೊದಲಿಗೇ ಶಿಸ್ತಿನ ಕೋಲು ಹಿಡಿದರೆ ಸಂಬಂಧ ಕೆಡುತ್ತದೆ, ಹೆತ್ತ ತಾಯಿಯ ಮಾತಿಗೆ ಬೆಂಬಲವಾಗಿ ನಿಂತರೆ ಉಳಿಯುತ್ತದೆ ಅನ್ನುವುದನ್ನು. ಹದಿಹರೆಯದ ಹೊಸ್ತಿಲಲ್ಲಿರುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ನಾಜೂಕು. ಭಾಷೆ ಬೇರೆಯಾದರೆ ಇನ್ನೊಂದು ತೊಡಕು ಸೇರುತ್ತದೆ. ಅರೆಬರೆ ಬಲ್ಲ ಭಾಷೆಯಲ್ಲಿ ನಯದ ಮಾತು ಬಾಯಿಗೆ ಬರುವುದಿಲ್ಲ, ಹೇಳಿದ್ದೆಲ್ಲಾ ಖಡಕ್ಕಾಗಿ ಕೇಳಿಸುತ್ತದೆ.

ಆದ್ದರಿಂದ ಮೊದಲ ಎರಡು ವರ್ಷವಾದರೂ ಶಿಸ್ತು ಹೆತ್ತವರ ಕೈಯಲ್ಲೇ ಇರಲಿ. ಮನೆಯ ನಿಯಮಗಳು ಐದಕ್ಕಿಂತ ಹೆಚ್ಚಿರದೆ, ಎಲ್ಲಾ ಭಾಷೆಗಳಲ್ಲೂ ಬರೆದು ಗೋಡೆಗೆ ಅಂಟಿಸಿರಲಿ. ತಾಯಿ ಹೊರಗೆ ಹೋದಾಗ ಅವಳೇ ಮಕ್ಕಳ ಮುಂದೆ ಹೇಳಿ ಹೋಗಲಿ: 'ಒಂಬತ್ತಕ್ಕೆ ಮಲಗಬೇಕು, ಇವರು ನೋಡ್ಕೋತಾರೆ.' ಒಂಬತ್ತಾದಾಗ ಮಲತಂದೆ ಗೋಡೆಯ ಹಾಳೆ ತೋರಿಸಿ 'ಅಮ್ಮ ಹೇಳಿದ್ದರಲ್ಲ' ಅಂದರೆ ಸಾಕು. ಕೇಳದಿದ್ದರೆ ರಂಪ ಮಾಡದೆ, ತಾಯಿ ಬಂದ ಮೇಲೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.

ಹೊಸಬರನ್ನು ಏನೆಂದು ಕರೆಯಬೇಕು ಅನ್ನುವುದನ್ನು ಮಗುವಿಗೇ ಬಿಡಿ. ಮೂರು-ನಾಲ್ಕು ಆಯ್ಕೆ ಮುಂದಿಡಿ, ಅಪ್ಪ-ಅಮ್ಮ ಅನ್ನುವುದನ್ನು ಮಾತ್ರ ಒತ್ತಾಯ ಮಾಡಬೇಡಿ. ಒಂದು ಕಡೆಯ ಸಂಪ್ರದಾಯದಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ಸಹಜ, ಇನ್ನೊಂದು ಕಡೆ ಅದು ಅವಮಾನ ಅಂತಿದ್ದರೆ, ನೆಂಟರು ಬರುವ ಮೊದಲೇ ಅವರಿಗೆ ತಿಳಿಸಿಬಿಡಿ.

ಹಬ್ಬ, ನಂಬಿಕೆ, ಅಡುಗೆಮನೆ

ಎರಡು ಕಡೆಯ ಹಬ್ಬಗಳನ್ನು ಕಲಸಿ ಒಂದು ಮಾಡಲು ಹೋಗಬೇಡಿ. ಮೊದಲ ವರ್ಷ ಪ್ರತಿ ಕಡೆಯೂ ತನ್ನ ಮಕ್ಕಳಿಗೆ ತೀರಾ ಮುಖ್ಯವಾದ ಎರಡು ಆಚರಣೆಗಳನ್ನು ಆರಿಸಲಿ. ಅವು ಹಿಂದೆ ನಡೆದ ಹಾಗೆಯೇ, ಆ ಭಾಷೆಯಲ್ಲೇ, ಏನೂ ಬದಲಾಗದೆ ನಡೆಯಲಿ. ಇನ್ನೊಂದು ಕಡೆಯವರು ಅತಿಥಿಗಳಾಗಿ ಬರಲಿ, ಒಂದು ಸಣ್ಣ ಕೆಲಸ ವಹಿಸಿಕೊಳ್ಳಲಿ. ಏನು ನಡೆಯುತ್ತದೆ, ಎಲ್ಲಿ ನಿಲ್ಲಬೇಕು, ಏನು ಮುಟ್ಟಬಾರದು ಅಂತ ಹಿಂದಿನ ದಿನವೇ ಅವರಿಗೆ ಹೇಳಿರಬೇಕು. ತಿಳಿಯದೆ ತಪ್ಪು ಮಾಡಿ ಎಲ್ಲರ ಮುಂದೆ ಬೈಸಿಕೊಂಡ ಮಗು ಮುಂದಿನ ವರ್ಷ ಕೋಣೆಯಿಂದ ಹೊರಗೇ ಬರುವುದಿಲ್ಲ. ಇದರ ಜೊತೆಗೆ ಯಾರ ಹಳೆಯ ಮನೆಯಲ್ಲೂ ಇರದಿದ್ದ ಒಂದು ಸಣ್ಣ ರೂಢಿ ಹೊಸದಾಗಿ ಶುರುವಾಗಲಿ. ತಿಂಗಳ ಮೊದಲ ಭಾನುವಾರ ಮಕ್ಕಳೇ ತಿಂಡಿ ಮಾಡುವುದು, ಅಷ್ಟು ಸರಳ.

ಒಬ್ಬರು ತಿನ್ನುವುದು ಇನ್ನೊಬ್ಬರಿಗೆ ನಿಷಿದ್ಧವಾಗಿದ್ದರೆ ಪಾತ್ರೆ, ಕಪಾಟು, ಒಲೆಯ ಹೊತ್ತು ಮೊದಲ ವಾರದಲ್ಲೇ ತೀರ್ಮಾನವಾಗಲಿ. ಯಾರ ತಟ್ಟೆ ನೋಡಿಯೂ ಮುಖ ಸಿಂಡರಿಸಬಾರದು ಅನ್ನುವುದು ಆ ಐದು ನಿಯಮಗಳಲ್ಲಿ ಒಂದಾಗಿರಲಿ.

ಮಗು ಮಾತೇ ಬಿಟ್ಟರೆ

ಹೊಸ ಭಾಷೆಯ ಮನೆಗೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಆ ಭಾಷೆಯಲ್ಲಿ ಬಾಯಿ ತೆರೆಯದೆ ಕೇಳಿಸಿಕೊಳ್ಳುತ್ತಲೇ ಇರುವುದುಂಟು. ಸನ್ನೆ ಮಾಡುತ್ತಿದ್ದರೆ, ಆಟಕ್ಕೆ ಸೇರುತ್ತಿದ್ದರೆ, ತನ್ನ ಭಾಷೆಯಲ್ಲಿ ಮೊದಲಿನಂತೆ ಹರಟುತ್ತಿದ್ದರೆ ಚಿಂತೆಯಿಲ್ಲ, ಕಾಯಿರಿ. ತನಗೆ ಚೆನ್ನಾಗಿ ಬರುವ ಭಾಷೆಯಲ್ಲೂ ಕೆಲವರೆದುರು ಅಥವಾ ಕೆಲವು ಕಡೆ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಾತಾಡದಿದ್ದರೆ ಅದು ಬೇರೆ ವಿಷಯ. ಭಾಷೆ ಬಾರದ್ದರಿಂದಲ್ಲ, ಆತಂಕದಿಂದ ಬರುವ ಮೌನ ಅದಾಗಿರಬಹುದು. ಎಲ್ಲಾ ಭಾಷೆಗಳಲ್ಲೂ ಮಾತು ಹಿಂದೆ ಬೀಳುತ್ತಿದ್ದರೆ ವಾಕ್ ತಜ್ಞರನ್ನು, ನಿದ್ದೆ-ಊಟ ಕೆಟ್ಟು ಮಗು ಮುದುರಿಕೊಂಡಿದ್ದರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಮಗುವಿನ ಮೊದಲ ಭಾಷೆ ಬಲ್ಲ ತಜ್ಞರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನೆಯವರಲ್ಲದ ದುಭಾಷಿಯೊಬ್ಬರನ್ನು ಕರೆದೊಯ್ಯಿರಿ. ಯಾವ ವಯಸ್ಸಿನಲ್ಲಿ ಯಾರಿಂದ ಯಾವ ಭಾಷೆ ಕೇಳಿಸಿಕೊಂಡಿದೆ, ದಿನಕ್ಕೆ ಎಷ್ಟು ಹೊತ್ತು ಅನ್ನುವುದನ್ನು ಬರೆದುಕೊಂಡು ಹೋಗಿ. ನೀವು ಮೂರು ತಿಂಗಳಿಗೊಮ್ಮೆ ಬರೆದಿಟ್ಟ ಹಾಳೆಗಳನ್ನೂ ತೋರಿಸಿ. ಒಂದು ಭಾಷೆ ಬಿಟ್ಟರೆ ಸರಿಹೋಗುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಿಕೊಳ್ಳುವ ಮೊದಲು, ಎರಡು ಭಾಷೆಯ ಮಕ್ಕಳೊಂದಿಗೆ ಕೆಲಸ ಮಾಡಿ ಅನುಭವವಿರುವ ಇನ್ನೊಬ್ಬ ವಾಕ್ ತಜ್ಞರ ಅಭಿಪ್ರಾಯ ಕೇಳಿ.